ಕರಡಿ ಬೆನ್ನ ಮೇಲೆ ಕೂತವರು ನಾವು

ನಾನು ಕರಡಿ ಮೇಲೆ ಕೂತಿದ್ದೇನೆ. ಬಡಾಯಿ ಅಲ್ಲ. ತೊಂಬತ್ತರ ದಶಕದಲ್ಲಿ ಮಾನ್ವಿ ಕಡೆ ಹಳ್ಳಿಗಳಲ್ಲಿ ಬೆಳೆದ ನನ್ನ ವಾರಿಗೆಯ ಎಷ್ಟೋ ಮಂದಿ ಕೂತಿದ್ದಾರೆ.

ಸುಗ್ಗಿ ಮುಗಿದು ಮನೆಯಲ್ಲಿ ಜೋಳ ಇರೋ ಹೊತ್ತಿಗೆ ಸರಿಯಾಗಿ ಕರಡಿ ಆಡಿಸೋರು ಊರಿಗೆ ಬರೋರು. ನನಗೋ ರಾತ್ರಿ ಬೆಚ್ಚಿ ಬೀಳೋ ರೂಢಿ. ಅಜ್ಜಿ ಒಂದು ಸೇರು ಜೋಳ ಸುರಿದು, ‘ನಮ್ ಹುಡುಗ ಭಾಳ ಅಂಜ್ತಾನ ಸಾಬಣ್ಣ, ಒಂದ್ ಸುತ್ತು ಕುಂದ್ರಿಸಪ್ಪಾ’ ಅಂದಳು. ಆತ ನನ್ನನ್ನ ಎತ್ತಿ ಕರಡಿ ಬೆನ್ನ ಮೇಲೆ ಕೂರಿಸಿದ. ಇಳಿಸಿದ ಮೇಲೆ ಕರಡಿಯ ಒಂದು ಕೂದಲು ಕಿತ್ತು ತಾಯತಕ್ಕೆ ಅಂತ ಕೊಟ್ಟ. ಅಂಜಿಕೆ ಹೋಯ್ತೋ ಇಲ್ವೋ ನೆನಪಿಲ್ಲ. ಕರಡಿಯ ಮೂತಿಯೊಳಗಿಂದಲೇ ಹೊರಗೆ ಬಂದ ಹಗ್ಗ ಮಾತ್ರ ನೆನಪಿದೆ.

ಇದನ್ನೆಲ್ಲ ಮರೆತಿದ್ದೆ. ಹೋದ ವರ್ಷ ಊರಿಂದ ಬಂದ ಅಕ್ಕನ ಮಗಳನ್ನ ಬನ್ನೇರುಘಟ್ಟಕ್ಕೆ ಕರ್ಕೊಂಡು ಹೋದೆ. ಸಫಾರಿ ಬಸ್ಸಿನ ಜಾಲರಿ ಕಿಟಕಿಯಿಂದ ಕರಡಿ ಕಂಡಿತು. ಅಲ್ಲೇ ಕರಡಿಗಳ ಪುನರ್ವಸತಿ ಕೇಂದ್ರ ಇದೆ, ಕುಣಿಸೋರ ಕೈಯಿಂದ ಬಿಡಿಸಿದ ಕರಡಿಗಳನ್ನ ಅಲ್ಲಿ ಇಟ್ಟಿದ್ದಾರೆ ಅಂತ ಅವಳಿಗೆ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು: ‘ಬಿಡಿಸಿದ್ರು ಅಂದ್ರ, ಮತ್ತ ಕಾಡಿಗೆ ಯಾಕ ಬಿಡ್ಲಿಲ್ಲ ಮಾಮಾ?’

ಉತ್ತರ ತಕ್ಷಣ ಹೊಳೀಲಿಲ್ಲ. ಹುಡುಕ್ತಾ ಹೋದಾಗ ಕಥೆ ಕರಡಿಗಿಂತ ತುಂಬ ಹಿಂದಕ್ಕೆ ಹೋಯ್ತು.

ಕಾಡುಪ್ರಾಣಿ ಹಿಡಿದು ಸಾಕೋದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ, ಅಂದ್ರೆ ಇವತ್ತಿನ ಬಸವಕಲ್ಯಾಣದ, ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ಹೆಸರಲ್ಲಿರೋ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ, ಪಳಗಿಸಿದ ಚೀತಾ ಬಿಟ್ಟು ಜಿಂಕೆ ಬೇಟೆಯಾಡೋ ಮಾತು ಬರುತ್ತೆ. ಮುಂದೆ ಮೊಘಲರು ಇದನ್ನ ದೊಡ್ಡ ಮಟ್ಟಕ್ಕೆ ಒಯ್ದರು. ತನ್ನ ತಂದೆ ಅಕ್ಬರ್ ಸಾವಿರ ಚೀತಾ ಸಾಕಿದ್ದ ಅಂತ ಜಹಾಂಗೀರ್ ಬರೆದುಕೊಂಡಿದ್ದಾನೆ. ಜೊತೆಗೆ ಇನ್ನೊಂದು ಸಂಗತಿಯನ್ನೂ ಬರೆದಿದ್ದಾನೆ: ಅಷ್ಟೆಲ್ಲ ಇದ್ರೂ ಸೆರೆಯಲ್ಲಿ ಮರಿ ಹಾಕಿದ್ದು ಒಂದೇ ಸಲ. ಅದು ಅಚ್ಚರಿಯ ಸುದ್ದಿ ಅಂತಲೇ ಅವನು ದಾಖಲಿಸಿದ್ದು.

ಇದರ ಅರ್ಥ ನೋಡಿ. ಸೆರೆಯಲ್ಲಿ ಮರಿ ಆಗಲ್ಲ ಅಂದ್ರೆ, ಸತ್ತ ಪ್ರತಿಯೊಂದು ಚೀತಾದ ಜಾಗಕ್ಕೆ ಬಯಲಿಂದ ಇನ್ನೊಂದನ್ನ ಹಿಡಿದು ತರಲೇಬೇಕು. ನೂರಾರು ವರ್ಷ ಹೀಗೇ ನಡೀತು. ಆಮೇಲೆ ಬಂದೂಕಿನ ಬೇಟೆ ಸೇರಿಕೊಳ್ತು, ಹುಲ್ಲುಗಾವಲು ಹೊಲ ಆದವು. 20ನೇ ಶತಮಾನದ ಹೊತ್ತಿಗೆ ಕೊಲ್ಹಾಪುರದಂಥ ಸಂಸ್ಥಾನಗಳು ಆಫ್ರಿಕಾದಿಂದ ಚೀತಾ ತರಿಸ್ಕೊಳ್ಳೋ ಹಾಗಾಯ್ತು. 1952ರಲ್ಲಿ ಭಾರತದಲ್ಲಿ ಚೀತಾ ಇಲ್ಲ ಅಂತ ಘೋಷಣೆ ಆಯ್ತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯಾದಿಂದ 8 ಚೀತಾ ವಿಮಾನದಲ್ಲಿ ಬಂದಾಗ ನಾವೆಲ್ಲ ಫೋನಲ್ಲಿ ಲೈವ್ ನೋಡಿದ್ವಿ. ಆ ಬೋನಿನ ಹಿಂದೆ ಎಷ್ಟು ಹಳೇ ಬೋನುಗಳಿದ್ದವು ಅಂತ ಆಗ ನನಗೆ ಗೊತ್ತಿರಲಿಲ್ಲ.

ಆನೆ ಕಥೆ ನಮಗೆ ಇನ್ನೂ ಹತ್ತಿರದ್ದು. 1874ರಲ್ಲಿ ಸ್ಯಾಂಡರ್ಸನ್ ಎಂಬ ಅಧಿಕಾರಿ ಚಾಮರಾಜನಗರದ ಕಡೆ ಖೆಡ್ಡಾ ಮಾಡಿ ಆನೆಹಿಂಡನ್ನೇ ಹಿಡಿದ. ಆಮೇಲೆ ಕಾಕನಕೋಟೆಯಲ್ಲಿ ಅದು ದೊಡ್ಡ ತಮಾಷೆಯೇ ಆಯ್ತು. ತಮಟೆ ಬಡಿದು, ಬೆಂಕಿ ಹಚ್ಚಿ ಹಿಂಡನ್ನ ಹೊಳೆಗಿಳಿಸೋದು, ಅತಿಥಿಗಳು ಕೂತು ನೋಡೋದು. ಕೊನೇ ಖೆಡ್ಡಾ ನಡೆದದ್ದು 1971ರಲ್ಲಿ. ಅಲ್ಲಿವರೆಗೆ ಹಿಡಿದ ಆನೆಗಳು ಹತ್ತಿರ ಹತ್ತಿರ 1,500.

ಇವೆರಡೂ ದೊಡ್ಡವರ ಹಗ್ಗ. ಈಗ ಬಡವರ ಹಗ್ಗಕ್ಕೆ ಬರೋಣ.

ಕರಡಿ ಆಡಿಸೋರು ಕಲಂದರ್ ಸಮುದಾಯದವರು. ಅಲೆಮಾರಿಗಳು, ಬಹುತೇಕ ಜಮೀನಿಲ್ಲದವರು. ಅವರ ಹಿರಿಯರು ಅರಮನೆಗಳ ಮುಂದೆ ಆಡಿಸ್ತಿದ್ರಂತೆ. ಅರಮನೆ ಹೋದ ಮೇಲೆ ಹಳ್ಳಿ ಕಣ, ಹೆದ್ದಾರಿ ಬದಿ, ಸಂತೆ. ಒಂದು ಕರಡಿ ಇಡೀ ಸಂಸಾರದ ಹೊಟ್ಟೆ ತುಂಬಿಸ್ಬೇಕಿತ್ತು.

ಹಾಗಂತ ಕರಡಿಗೆ ಆಗ್ತಿದ್ದದ್ದು ಸಣ್ಣದಲ್ಲ. ಕೆಲವೇ ವಾರದ ಮರಿಯನ್ನ ತಾಯಿಯಿಂದ ಕಿತ್ತು ತರೋರು, ಎಷ್ಟೋ ಸಲ ತಾಯಿಯನ್ನ ಕೊಂದು. ಕಾದ ಕಬ್ಬಿಣದ ಸೂಜಿಯಿಂದ ಮೂತಿಗೆ ತೂತು ಮಾಡಿ ಹಗ್ಗ ಪೋಣಿಸೋರು. ಕೋರೆಹಲ್ಲು ಮುರಿಯೋರು. ನಾವು ಕುಣಿತ ಅಂದ್ಕೊಂಡು ಚಪ್ಪಾಳೆ ಹೊಡೆದದ್ದು, ಹಗ್ಗ ಎಳೆದಾಗಿನ ನೋವು ತಪ್ಪಿಸ್ಕೊಳ್ಳೋಕೆ ಅದು ಎದ್ದು ನಿಲ್ತಿದ್ದದ್ದಕ್ಕೆ.

ಇನ್ನೊಂದು ವಿಷಯ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಮ್ಮ ಈ ಕರಡಿ ಜಾತಿಯಲ್ಲಿ ತಾಯಿ ತನ್ನ ಮರಿಗಳನ್ನ ಬೆನ್ನ ಮೇಲೆ ಹೊತ್ಕೊಂಡು ತಿರುಗುತ್ತೆ. ಬೇರೆ ಕರಡಿಗಳಲ್ಲಿ ಈ ರೂಢಿ ಕಾಣೋದಿಲ್ಲ. ಅಂದ್ರೆ ಮರಿ ಕೂರಬೇಕಾದ ಜಾಗದಲ್ಲಿ ನಾನು ಕೂತಿದ್ದೆ.

ಕಾನೂನು ನಿಧಾನಕ್ಕೆ ಬಂತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 1998ರಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸ್ತು: ಕರಡಿ, ಕೋತಿ, ಹುಲಿ, ಚಿರತೆ, ಸಿಂಹ ಇವನ್ನ ಆಟ ತೋರಿಸೋಕೆ ಬಳಸುವಂತಿಲ್ಲ. ಸರ್ಕಸ್ ಮಾಲೀಕರು ಕೋರ್ಟಿಗೆ ಹೋದ್ರು. 2000ದಲ್ಲಿ ಕೇರಳ ಹೈಕೋರ್ಟು, 2001ರಲ್ಲಿ ಸುಪ್ರೀಂ ಕೋರ್ಟು ಆ ನಿಷೇಧವನ್ನ ಎತ್ತಿಹಿಡಿದವು.

ಆದ್ರೆ ಕಾಗದದ ಮೇಲಿನ ನಿಷೇಧ ಹಗ್ಗ ಬಿಚ್ಚಲ್ಲ. ಕರಡಿ ಕಿತ್ಕೊಂಡ್ರೆ ಆತ ಇನ್ನೊಂದು ಮರಿ ತರ್ತಾನೆ, ಯಾಕಂದ್ರೆ ನಾಳೆ ಊಟಕ್ಕೆ ಅದೇ ದಾರಿ. ಇದನ್ನ ಅರ್ಥ ಮಾಡ್ಕೊಂಡದ್ದು ‘ವೈಲ್ಡ್‌ಲೈಫ್ ಎಸ್‌ಒಎಸ್’ ಸಂಸ್ಥೆ. ಬೆಂಗಳೂರಿನ ಕಾರ್ತಿಕ್ ಸತ್ಯನಾರಾಯಣ್ ಮತ್ತು ಗೀತಾ ಶೇಷಮಣಿ 1995ರಲ್ಲಿ ಕಟ್ಟಿದ್ದು. ಕರಡಿ ಒಪ್ಪಿಸಿದ ಕಲಂದರ್ ಕುಟುಂಬಕ್ಕೆ ಬೇರೆ ಕಸುಬು ಶುರು ಮಾಡೋಕೆ ಹಣ, ಹೆಂಗಸರಿಗೆ ಕೆಲಸ, ಮಕ್ಕಳಿಗೆ ಶಾಲೆ. ಬದಲಿಗೆ ಮತ್ತೆ ಕರಡಿ ಹಿಡಿಯಲ್ಲ ಅನ್ನೋ ಮಾತು. ಹೀಗೆ ದೇಶದಾದ್ಯಂತ 600ಕ್ಕೂ ಹೆಚ್ಚು ಕರಡಿ ಬಂದವು. 2009ರ ಡಿಸೆಂಬರಿನಲ್ಲಿ ‘ಕೊನೆಯ ಕುಣಿಯುವ ಕರಡಿ’ ರಾಜು ಬಂದು ಸೇರಿದ್ದು ನಮ್ಮ ಬನ್ನೇರುಘಟ್ಟಕ್ಕೇ.

ಈಗ ಅಕ್ಕನ ಮಗಳ ಪ್ರಶ್ನೆ. ಕಾಡಿಗೆ ಯಾಕೆ ಬಿಡ್ಲಿಲ್ಲ? ಹಲ್ಲಿಲ್ಲ. ಗೆದ್ದಲ ಹುತ್ತ ಒಡೆಯೋದು, ಜೇನು ಹುಡುಕೋದು ಕಲಿಸೋ ತಾಯಿ ಜೊತೆ ಬೆಳೆದಿಲ್ಲ. ಮನುಷ್ಯರ ಹೆದರಿಕೆ ಇಲ್ಲ, ಊರಿಗೇ ವಾಪಸ್ ಬರುತ್ತೆ. ಕೆಲವಕ್ಕೆ ಕಣ್ಣೂ ಹೋಗಿರುತ್ತೆ. ಕಾಡಿಗೆ ಬಿಡೋದು ಅಂದ್ರೆ ಸಾಯೋಕೆ ಬಿಡೋದು. ಹಾಗಾಗಿ ಬೇಲಿ. ನನ್ನ ಕೆಲಸದ ಭಾಷೆಯಲ್ಲಿ ಹೇಳ್ಬೇಕಂದ್ರೆ ಇದು ಹಳೇ ಸಿಸ್ಟಮ್ಮಿನ ಮೇಂಟೆನೆನ್ಸ್. ಹಿಂದಿನವರು ಮಾಡಿಟ್ಟದ್ದನ್ನ ಥಟ್ಟಂತ ಆಫ್ ಮಾಡೋಕಾಗಲ್ಲ, ಕೊನೇವರೆಗೂ ನೋಡ್ಕೋಬೇಕು. ಹೊಸದನ್ನ ಸೇರಿಸದೇ ಇರೋದು ಮಾತ್ರ ನಮ್ಮ ಕೈಯಲ್ಲಿದೆ.

ಸೆರೆ ಸರಿಯೋ ತಪ್ಪೋ ಅನ್ನೋದಕ್ಕೆ ನನಗೆ ಸಿಕ್ಕ ಅಳತೆಗೋಲು ಇದೇ. ಬೇಲಿ ಎಷ್ಟು ದೊಡ್ಡದು, ಹಾಲು ಗಂಜಿ ಎಷ್ಟು ಹಾಕ್ತಾರೆ ಅನ್ನೋದು ಆಮೇಲಿನ ಮಾತು. ಮೊದಲ ಪ್ರಶ್ನೆ, ಈ ಬೋನು ತುಂಬ್ಕೊಳ್ಳೋಕೆ ಕಾಯ್ತಿದೆಯೋ, ಖಾಲಿ ಆಗೋಕೆ ಕಾಯ್ತಿದೆಯೋ? ಅಕ್ಬರನ ಚೀತಾಖಾನೆ ತುಂಬೋಕೆ ಕಾಯ್ತಿತ್ತು. ಕಾಕನಕೋಟೆಯ ದೊಡ್ಡಿಯೂ ಅಷ್ಟೇ. ಕುಣಿಸಿದ ಕರಡಿಗಳನ್ನ ಇಟ್ಟ ಬೇಲಿ ಒಂದು ದಿನ ಖಾಲಿ ಆದ್ರೆ ಅದು ಗೆದ್ದ ಹಾಗೆ.

ಮೃಗಾಲಯಗಳನ್ನ ಈ ಕೋಲಲ್ಲಿ ಅಳೆಯೋದು ಅಷ್ಟು ಸುಲಭ ಅಲ್ಲ. 1892ರಲ್ಲಿ ಶುರುವಾದ ಮೈಸೂರು ಮೃಗಾಲಯ ಅರಸರ ಸಂಗ್ರಹವಾಗಿ ಹುಟ್ಟಿದ್ದು. ಇವತ್ತು ಅಲ್ಲಿ ಅಳಿವಿನಂಚಿನ ಪ್ರಾಣಿಗಳ ಸಂತಾನ ಬೆಳೆಸೋ ಕೆಲಸವೂ ಇದೆ, ಅನಾಥ ಮರಿ ಸಾಕೋದೂ ಇದೆ. ಹಾಗೇ ನಾವು ಭಾನುವಾರ ಹೋಗಿ ಸೆಲ್ಫಿ ತಗೊಳ್ಳೋದೂ ಇದೆ. ಯಾವ ಪ್ರಾಣಿ ಯಾವ ಕಾರಣಕ್ಕೆ ಅಲ್ಲಿದೆ ಅಂತ ಕೇಳೋದನ್ನಾದ್ರೂ ಕಲೀಬೇಕು.

ಒಂದು ಮಾತು ಹೇಳದೇ ಮುಗಿಸಿದ್ರೆ ಅನ್ಯಾಯ ಆಗುತ್ತೆ. 1998ರ ಆ ಪಟ್ಟಿಯಲ್ಲಿ ಆನೆ ಇಲ್ಲ. 2022ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಬಂದಾಗ, ಮಾಲೀಕತ್ವದ ಪತ್ರ ಇರೋ ಸಾಕಾನೆಯನ್ನ ‘ಧಾರ್ಮಿಕ ಅಥವಾ ಇತರ ಉದ್ದೇಶ’ಕ್ಕೆ ಕೈ ಬದಲಿಸೋಕೆ ದಾರಿ ಇಟ್ಟರು. ಕಲಂದರನ ಹಗ್ಗ ತಪ್ಪು ಅಂತ ನಮಗೆ ಬೇಗ ಕಂಡಿತು, ಯಾಕಂದ್ರೆ ಆತನ ಅಂಗಿ ಹರಿದಿತ್ತು. ಆನೆಯ ಸರಪಳಿಯ ಮೇಲೆ ಜರಿ ಬಟ್ಟೆ ಹೊದಿಸಿರ್ತಾರೆ, ಅದಕ್ಕೇ ಕಾಣಲ್ಲ. ಬಡವನ ಹಗ್ಗವೂ ತಪ್ಪೇ ಆಗಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ತಪ್ಪು ಅಂತ ಹೇಳಿಸ್ಕೊಂಡು ಕಸುಬು ಬಿಟ್ಟವನು ಅವನು. ಅವನಷ್ಟು ಬಿಟ್ಟುಕೊಟ್ಟ ಮಂದಿ ನಮ್ಮಲ್ಲಿ ಎಷ್ಟಿದ್ದಾರೆ?

ತುಂಗಭದ್ರೆಯ ಆಚೆ, ಹಂಪಿ ಹತ್ತಿರ, 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಇದೆ. ಸಂಜೆ ಹೊತ್ತು ಬಂಡೆಗಳ ಸಂದಿಯಿಂದ ತಾಯಿ ಕರಡಿ ಮರಿಗಳನ್ನ ಬೆನ್ನ ಮೇಲೆ ಹೊತ್ಕೊಂಡು ಇಳಿಯುತ್ತೆ. ದೂರದ ವೀಕ್ಷಣಾ ಗೋಪುರದಿಂದ ನೋಡ್ಬೇಕು. ಅಲ್ಲೂ ಬಂಡೆಗೆ ಬೆಲ್ಲದ ಪಾಕ ಸವರಿ ಕರೀತಾರೆ, ಪೂರ್ತಿ ಕಾಡು ಅನ್ನೋಕಾಗಲ್ಲ. ಆದ್ರೆ ತಿಂದಾದ ಮೇಲೆ ಅದು ತನ್ನ ಪಾಡಿಗೆ ತಾನು ಗುಡ್ಡ ಹತ್ತಿ ಹೋಗುತ್ತೆ.

ಮುಂದಿನ ಸಲ ಊರಿಗೆ ಹೋದಾಗ ಅಕ್ಕನ ಮಗಳನ್ನ ಅಲ್ಲಿಗೇ ಕರ್ಕೊಂಡು ಹೋಗ್ಬೇಕು. ಕರಡಿ ಬೆನ್ನ ಮೇಲೆ ಯಾರು ಕೂರ್ಬೇಕು ಅನ್ನೋದನ್ನ ಅವಳಾದ್ರೂ ಸರಿಯಾಗಿ ನೋಡ್ಲಿ.