ಹೆಣ್ಣಿನ ಹೃದಯಕ್ಕೂ ಒಂದು ತಪಾಸಣೆ

ಕತೆ ಬರೆಯುವ ನಾವು ಹೆಣ್ಣಿನ ಹೃದಯದ ಬಗ್ಗೆ ಬರೆದದ್ದಕ್ಕೆ ಲೆಕ್ಕವಿಲ್ಲ. ಕನ್ನಡದಲ್ಲಿ ಹೃದಯ, ಉರ್ದುವಿನಲ್ಲಿ ದಿಲ್. ಅದು ಕರಗುತ್ತದೆ, ಒಡೆಯುತ್ತದೆ, ಕಾಯುತ್ತದೆ. ಆದರೆ ಎದೆ ಹಿಡಿದುಕೊಂಡು ಕುಸಿಯುವ ಪಾತ್ರ ಬೇಕಾದಾಗ ನಾವು ಗಂಡಸನ್ನೇ ಆರಿಸಿಕೊಂಡೆವು. ಈ ಮರೆವು ಕತೆಗಾರರದ್ದು ಮಾತ್ರವಲ್ಲ, ವೈದ್ಯಲೋಕದ್ದೂ ಆಗಿತ್ತು. ಅಮೆರಿಕದ ವೈದ್ಯಕೀಯ ಚರಿತ್ರೆಯೇ ಇದಕ್ಕೆ ಸಾಕ್ಷಿ.

1948ರಲ್ಲಿ ಮೆಸಾಚುಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಹೃದ್ರೋಗದ ದೀರ್ಘ ಅಧ್ಯಯನವೊಂದು ಆರಂಭವಾಯಿತು. ಮೊದಲ ತಂಡದ 5,209 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮಹಿಳೆಯರು. ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಇವು ಹೃದಯದ ಶತ್ರುಗಳೆಂಬ ಅರಿವು ಬಹುಮಟ್ಟಿಗೆ ಅಲ್ಲಿಂದ ಬಂತು. ಆದರೂ 1964ರಲ್ಲಿ ಒರೆಗಾನ್‌ನಲ್ಲಿ ಮಹಿಳೆಯರಿಗಾಗಿಯೇ ಏರ್ಪಡಿಸಿದ ಹೃದ್ರೋಗ ಸಮ್ಮೇಳನದ ವಿಷಯವೇನು ಗೊತ್ತೇ? ಗಂಡನ ಹೃದಯವನ್ನು ಹೆಂಡತಿ ಕಾಪಾಡುವುದು ಹೇಗೆ ಎಂಬುದು! 1970ರ ದಶಕದಲ್ಲಿ ಹೃದ್ರೋಗ ತಡೆಯ ಬಗ್ಗೆ ಆರಂಭವಾದ ಬೃಹತ್ ಪ್ರಯೋಗದಲ್ಲಿದ್ದ 12,866 ಮಂದಿಯೂ ಗಂಡಸರೇ. ಆಸ್ಪಿರಿನ್ ಮಾತ್ರೆಯ ಪ್ರಸಿದ್ಧ ಪ್ರಯೋಗದ 22,071 ವೈದ್ಯರಲ್ಲಿ ಒಬ್ಬಳೂ ಹೆಣ್ಣಿರಲಿಲ್ಲ.

1991ರಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮೊದಲ ಮಹಿಳಾ ಮುಖ್ಯಸ್ಥೆಯಾದ ಬರ್ನಡೀನ್ ಹೀಲಿ ಈ ತಾರತಮ್ಯಕ್ಕೆ ಒಂದು ಹೆಸರಿಟ್ಟರು: ‘ಯೆಂಟಲ್ ಸಿಂಡ್ರೋಮ್’. ಐಸಾಕ್ ಬಾಶೆವಿಸ್ ಸಿಂಗರ್ ಅವರ ಕತೆಯ ಯೆಂಟಲ್, ಧರ್ಮಗ್ರಂಥ ಕಲಿಯಲು ಗಂಡುವೇಷ ಹಾಕಿದ ಯಹೂದಿ ಹುಡುಗಿ. ಹೆಣ್ಣಿನ ರೋಗವೂ ಗಂಡಿನ ರೋಗದಂತೆಯೇ ಕಾಣಿಸಿಕೊಂಡರೆ ಮಾತ್ರ ಅವಳಿಗೆ ಸರಿಯಾದ ಚಿಕಿತ್ಸೆ ಸಿಗುತ್ತದೆ ಎಂಬುದು ಹೀಲಿಯವರ ಆಕ್ಷೇಪ.

ಇನ್ನು ಕೈಯಲ್ಲಿ ಕಾಸಿಲ್ಲದ, ಆರೋಗ್ಯ ವಿಮೆಯೂ ಇಲ್ಲದ ಹೆಣ್ಣಿನ ಗತಿ? ಇಂಥವರ ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗಾಗಿ 1990ರಲ್ಲಿ ಅಲ್ಲಿ ಕಾನೂನೊಂದು ಬಂದಿತ್ತು. ಹೇಗೂ ತಪಾಸಣೆಗೆ ಬಂದವಳ ಹೃದಯವನ್ನೂ ಯಾಕೆ ನೋಡಬಾರದು? ಈ ಸರಳ ಪ್ರಶ್ನೆಯಿಂದ ಹುಟ್ಟಿದ್ದು ‘ವೈಸ್‌ವುಮನ್’ ಯೋಜನೆ. 1993ರಲ್ಲಿ ಅಲ್ಲಿನ ಸಂಸತ್ತು ಒಪ್ಪಿಗೆ ಕೊಟ್ಟಿತು. 1995ರಲ್ಲಿ ಮೆಸಾಚುಸೆಟ್ಸ್, ನಾರ್ತ್ ಕೆರೊಲಿನಾ, ಅರಿಜೋನಾಗಳಲ್ಲಿ ಕೆಲಸ ಶುರುವಾಯಿತು. ಮುಂದೆ ಹಲವು ವರ್ಷ 40ರಿಂದ 64 ವಯಸ್ಸಿನ ಬಡ ಮಹಿಳೆಯರು ಇದರ ವ್ಯಾಪ್ತಿಯಲ್ಲಿದ್ದರು. ತೆರೆದ ಬಾಗಿಲೊಂದು ಆಗಲೇ ಇತ್ತು. ಅದರಲ್ಲಿ ಬಂದವಳ ರಕ್ತದೊತ್ತಡ, ಕೊಲೆಸ್ಟರಾಲ್‌ಗಳನ್ನೂ ನೋಡತೊಡಗಿದರು.

ನೋಡಿ, ಒಂದು ಚೀಟಿ ಕೊಟ್ಟು ಕಳುಹಿಸಿದರೆ ಸಾಲದು. ಹೇಗೆ ಬದುಕಬೇಕೆಂಬ ಸಲಹೆಯೂ ಯೋಜನೆಯ ಭಾಗವಾಗಿತ್ತು. ನಾರ್ತ್ ಕೆರೊಲಿನಾದವರು ‘ನ್ಯೂ ಲೀಫ್’ ಎಂಬ ಪಾಠಕ್ರಮ ರೂಪಿಸಿದಾಗ ದಕ್ಷಿಣದ ಜನ ದಿನವೂ ಉಣ್ಣುವ ಊಟವನ್ನೇ ಆಧಾರವಾಗಿಟ್ಟುಕೊಂಡರು. ಕ್ಯಾಲಿಫೋರ್ನಿಯಾದಲ್ಲಿ ಸ್ಪ್ಯಾನಿಷ್ ಮಾತಾಡುವ ಮಹಿಳೆಯರ ಬಳಿಗೆ ಅವರದೇ ಭಾಷೆಯ ಸಮುದಾಯ ಕಾರ್ಯಕರ್ತೆಯರು ಹೋದರು. ಅಡುಗೆಮನೆಯ ಭಾಷೆ ಗೊತ್ತಿಲ್ಲದವರು ಉಪ್ಪು ಕಡಿಮೆ ಮಾಡಿ ಎಂದರೆ ಕೇಳುವವರು ಯಾರು?

ಆದರೆ ಯೋಜನೆಗೊಂದು ದೊಡ್ಡ ಮಿತಿಯಿತ್ತು. ಅದರ ಹಣ ತಪಾಸಣೆಗೆ, ಸಲಹೆಗೆ ಮಾತ್ರ; ಚಿಕಿತ್ಸೆಗಲ್ಲ. ಮಾತ್ರೆಗಳನ್ನು ಉಚಿತವಾಗಿಯೋ ಕಡಿಮೆ ಬೆಲೆಗೋ ಬೇರೆಡೆಯಿಂದ ಹೊಂದಿಸಬೇಕಿತ್ತು. ನಿನಗೆ ಕಾಯಿಲೆಯಿದೆ ಎಂದು ಹೇಳಿ ಔಷಧಿಯ ದಾರಿ ತೋರಿಸದಿದ್ದರೆ ಅವಳ ಚಿಂತೆಗೆ ಇನ್ನೊಂದು ಚಿಂತೆ ಸೇರಿಸಿದಂತಾಗುತ್ತದೆ, ಅಷ್ಟೇ.

ಇದು ದೂರದ ದೇಶದ ಕತೆಯೆಂದು ನಾವು ನಿಟ್ಟುಸಿರು ಬಿಡುವಂತಿಲ್ಲ. ಹೆಣ್ಣಿಗೆ ಹೃದಯಾಘಾತವಾದಾಗ ಎದೆನೋವಿನ ಜೊತೆಗೋ ಅದಿಲ್ಲದೆಯೋ ಉಬ್ಬಸ, ಅತಿಯಾದ ಸುಸ್ತು, ವಾಕರಿಕೆ, ಬೆನ್ನು ಅಥವಾ ದವಡೆಯ ನೋವು ಕಾಣಿಸಬಹುದು. ನಮ್ಮ ಮನೆಗಳಲ್ಲಿ ಅದಕ್ಕೆ ಗ್ಯಾಸ್ ಎಂದು ಹೆಸರಿಟ್ಟು ಓಮಿನ ಕಾಳು ಕೊಡುತ್ತೇವೆ. ಅವಳೂ ಅದನ್ನು ಅಗಿಯುತ್ತಲೇ ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರುತ್ತಾಳೆ. ಮನೆಯ ಗಂಡಸಿನ ಎದೆನೋವಿಗೆ ಆಟೋ ಕರೆಯುವ ನಾವು ಅವಳ ಸುಸ್ತಿಗೂ ಅಷ್ಟೇ ಅವಸರ ಮಾಡಬೇಡವೇ?