ಚಿನ್ನ ಏನಾಯ್ತು ಅಂತ ಕೇಳಿದವರು

2005ರ ಆಸುಪಾಸಿನಲ್ಲಿ ಕಾಲೇಜಿನಲ್ಲಿದ್ದವರಿಗೆ ಆ ಹಳದಿ ರಬ್ಬರ್ ಬ್ಯಾಂಡ್ ನೆನಪಿರಬೇಕು. ಮಣಿಕಟ್ಟಿಗೆ ಹಾಕಿಕೊಳ್ಳೋದು, ಮೇಲೆ 'ಲಿವ್‌ಸ್ಟ್ರಾಂಗ್' ಅಂತ ಅಚ್ಚು. ಅಮೆರಿಕದಲ್ಲಿ ಅದರ ಬೆಲೆ ಒಂದು ಡಾಲರ್, ದುಡ್ಡು ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕಟ್ಟಿದ ಕ್ಯಾನ್ಸರ್ ಸಂಸ್ಥೆಗೆ. ನಾನು ಹಾಕಿಕೊಂಡಿದ್ದು ಫುಟ್‌ಪಾತಿನಲ್ಲಿ ಕೊಂಡ ನಕಲಿ. ಆದರೆ ಅಭಿಮಾನ ಮಾತ್ರ ಅಸಲಿ. ವೃಷಣದಲ್ಲಿ ಹುಟ್ಟಿದ ಕ್ಯಾನ್ಸರ್ ಶ್ವಾಸಕೋಶಕ್ಕೂ ಮಿದುಳಿಗೂ ಹಬ್ಬಿದ ಮೇಲೆ ಬದುಕಿ ಬಂದು, ಜಗತ್ತಿನ ಅತಿ ಕಷ್ಟದ ಸೈಕಲ್ ರೇಸನ್ನು ಏಳು ಸಲ ಗೆದ್ದವನು! ಅವನ ಬಗ್ಗೆ ಯಾರಾದರೂ ಅನುಮಾನದ ಮಾತಾಡಿದರೆ ನನಗೇ ಬೈದಷ್ಟು ಸಿಟ್ಟು ಬರುತ್ತಿತ್ತು. ಈಗ ಆ ಸಿಟ್ಟಿನ ಬಗ್ಗೆ, ಅದನ್ನು ಹದಿಮೂರು ವರ್ಷ ತಿಂದವರ ಬಗ್ಗೆ ಬರೆಯಬೇಕು ಅನ್ನಿಸಿದೆ.

ಕಥೆ 1998ರಿಂದ ಶುರು. ಆ ವರ್ಷ ಟೂರ್ ಡಿ ಫ್ರಾನ್ಸ್ ಇನ್ನೇನು ಆರಂಭವಾಗಬೇಕು, ಅಷ್ಟರಲ್ಲಿ ಫ್ರಾನ್ಸ್-ಬೆಲ್ಜಿಯಂ ಗಡಿಯಲ್ಲಿ ಫೆಸ್ಟಿನಾ ತಂಡದ ಕಾರೊಂದು ಸಿಕ್ಕಿಬಿತ್ತು. ಒಳಗೆ ತುಂಬ ಉದ್ದೀಪನ ಮದ್ದು. ಮುಖ್ಯವಾಗಿ ಇಪಿಒ, ಅಂದರೆ ರಕ್ತದಲ್ಲಿ ಕೆಂಪು ಕಣಗಳನ್ನು ಹೆಚ್ಚಿಸಿ ಸ್ನಾಯುಗಳಿಗೆ ಜಾಸ್ತಿ ಆಮ್ಲಜನಕ ಸಿಗುವ ಹಾಗೆ ಮಾಡುವ ಔಷಧ. ತಂಡವನ್ನೇ ಹೊರಹಾಕಿದರು, ಪೊಲೀಸರು ಹೋಟೆಲುಗಳಿಗೆ ನುಗ್ಗಿದರು, ಹೊರಟ 189 ಜನರಲ್ಲಿ ಪ್ಯಾರಿಸ್ ಮುಟ್ಟಿದವರು 96. ಸೈಕಲ್ ರೇಸಿನ ಮಾನ ಬೀದಿಗೆ ಬಂದಿತ್ತು. ಹಾಗಾಗಿ 1999ರ ಟೂರಿಗೆ 'ಹೊಸ ಆರಂಭ' ಅಂತ ಹೆಸರು ಕೊಟ್ಟರು. ಹೊಸ ಆರಂಭಕ್ಕೊಬ್ಬ ಹೊಸ ಹೀರೋ ಬೇಕಲ್ಲ? ಆರ್ಮ್‌ಸ್ಟ್ರಾಂಗ್ ಸಿಕ್ಕ.

ಲಂಡನ್ನಿನ 'ಸಂಡೇ ಟೈಮ್ಸ್' ಪತ್ರಿಕೆಯ ಡೇವಿಡ್ ವಾಲ್ಶ್ ಆಗ ಫ್ರಾನ್ಸಿನಲ್ಲಿದ್ದರು. ಐರ್ಲೆಂಡಿನವರು, ಸೈಕಲ್ ರೇಸಿನ ಹುಚ್ಚು ಹಿಡಿದವರು. 1993ರಲ್ಲಿ, ಆರ್ಮ್‌ಸ್ಟ್ರಾಂಗ್ ಇನ್ನೂ ಹುಡುಗನಾಗಿದ್ದಾಗ, ಅವನನ್ನು ಸಂದರ್ಶನ ಮಾಡಿ ಮೆಚ್ಚಿಕೊಂಡಿದ್ದವರು. ಆದರೆ ಈ ಸಲ ಲೆಕ್ಕ ತಾಳೆ ಆಗುತ್ತಿರಲಿಲ್ಲ. ಹಿಂದಿನ ವರ್ಷ ಮದ್ದಿನ ಹಗರಣ ಆಗಿದೆ, ಈಗ ಎಲ್ಲರೂ ಶುದ್ಧ ಅಂತಾರೆ. ಶುದ್ಧ ಆಗಿದ್ದರೆ ರೇಸ್ ನಿಧಾನ ಆಗಬೇಕಿತ್ತಲ್ವಾ? ಆಗಿದ್ದು ತದ್ವಿರುದ್ಧ. ಆ ವರ್ಷದ ಸರಾಸರಿ ವೇಗ ಗಂಟೆಗೆ 40 ಕಿಲೋಮೀಟರ್ ದಾಟಿತು. ಟೂರಿನ ಇತಿಹಾಸದಲ್ಲೇ ಅದು ಮೊದಲ ಸಲ.

ಇನ್ನೊಂದು ಸಂಗತಿಯೂ ನಡೆಯಿತು. ಕ್ರಿಸ್ತೋಫ್ ಬಾಸೋಂ ಅಂತ ಒಬ್ಬ ಫ್ರೆಂಚ್ ಸವಾರ. ಫೆಸ್ಟಿನಾ ತಂಡದಲ್ಲಿದ್ದರೂ ಮದ್ದು ಮುಟ್ಟದವನು ಅಂತ ಹೆಸರಾಗಿದ್ದ. ಟೂರ್ ನಡೆಯುವಾಗಲೇ ಪತ್ರಿಕೆಯೊಂದಕ್ಕೆ ಅಂಕಣ ಬರೆಯುತ್ತಾ, ಈ ವೇಗ ನಂಬುವಂಥದ್ದಲ್ಲ ಅಂತ ಸೂಚಿಸಿದ. ಒಂದು ದಿನ ರೇಸಿನ ಮಧ್ಯೆ ಆರ್ಮ್‌ಸ್ಟ್ರಾಂಗ್ ಅವನ ಪಕ್ಕಕ್ಕೆ ಸೈಕಲ್ ತಂದು, ಹೀಗೆ ಮಾತಾಡೋದಾದರೆ ಮನೆಗೆ ಹೋಗು ಅಂದ. ಉಳಿದ ಸವಾರರೂ ಮಾತು ಬಿಟ್ಟರು. ಬಾಸೋಂ ಟೂರ್ ಮುಗಿಸದೆ ಹೊರಟುಹೋದ. ಹೊಸ ಆರಂಭದಲ್ಲಿ ಶುದ್ಧವಾಗಿದ್ದವನಿಗೇ ಜಾಗ ಇರಲಿಲ್ಲ!

ಕೊನೆಯ ದಿನ, ಆರ್ಮ್‌ಸ್ಟ್ರಾಂಗ್ ಹಳದಿ ಜೆರ್ಸಿಯಲ್ಲಿ ಪ್ಯಾರಿಸ್ ಸೇರುವ ಭಾನುವಾರ, ವಾಲ್ಶ್ ಬರೆದದ್ದು ಇಷ್ಟೇ: ಇವತ್ತು ಚಪ್ಪಾಳೆ ತಟ್ಟಬೇಡಿ, ಸ್ವಲ್ಪ ತಡೆಯಿರಿ. ಅವನು ಮೋಸಗಾರ ಅಂತ ಅವರು ಬರೆಯಲಿಲ್ಲ. ಬರೆಯೋದಕ್ಕೆ ಸಾಕ್ಷಿ ಇರಲಿಲ್ಲ. ಇಪಿಒ ಹಿಡಿಯುವ ಪರೀಕ್ಷೆಯೇ ಆಗ ಬಂದಿರಲಿಲ್ಲ. ಅವರ ಹತ್ತಿರ ಇದ್ದದ್ದು ಒಂದು ಪ್ರಶ್ನೆ ಮಾತ್ರ.

ಪತ್ರಿಕೆಗೆ ಪತ್ರಗಳು ಬಂದವು, ಹೆಚ್ಚಿನವು ಬೈಗುಳ. ಸಾವನ್ನು ಗೆದ್ದು ಬಂದವನ ಮೇಲೆ ಇದೆಂಥ ಹೊಟ್ಟೆಕಿಚ್ಚು ಅನ್ನುವ ಧಾಟಿ. ಕ್ಯಾನ್ಸರ್ ಕೆಲವರ ಮನಸ್ಸಿಗೇ ಬರುತ್ತದೆ ಅನ್ನುವ ಅರ್ಥದಲ್ಲಿ ಒಬ್ಬ ಓದುಗ ಬರೆದಿದ್ದ. ಆ ಪತ್ರ ವಾಲ್ಶ್ ಅವರನ್ನು ತುಂಬ ವರ್ಷ ಕಾಡಿತು.

ಆ ಓದುಗನನ್ನು ಮೂರ್ಖ ಅಂದುಬಿಡೋದು ಸುಲಭ, ನನಗೆ ಮಾತ್ರ ಮನಸ್ಸು ಬರಲ್ಲ. ಕೀಮೋ ವಾರ್ಡಿನಲ್ಲಿ ಮಲಗಿ ಆರ್ಮ್‌ಸ್ಟ್ರಾಂಗ್‌ನ ಆತ್ಮಕಥೆ ಓದುತ್ತಿದ್ದ ರೋಗಿಗೆ ಅವನು ಬರೀ ಆಟಗಾರ ಅಲ್ಲ. ಅವನು ಗೆದ್ದರೆ ನಾನೂ ಬದುಕುತ್ತೇನೆ ಅನ್ನೋ ಆಸೆ. ಅಂಥವನ ಮೇಲಿನ ಪ್ರಶ್ನೆ ಆ ಆಸೆಯ ಮೇಲಿನ ಪ್ರಶ್ನೆ ಥರ ಕೇಳಿಸುತ್ತೆ. ಆರ್ಮ್‌ಸ್ಟ್ರಾಂಗ್‌ಗೂ ಇದು ಚೆನ್ನಾಗಿ ಗೊತ್ತಿತ್ತು. ಅನುಮಾನಪಟ್ಟವರಿಗೆಲ್ಲ ಅವನು ತೋರಿಸಿದ್ದು ಆಸ್ಪತ್ರೆಯ ಹಾಸಿಗೆಯನ್ನೇ.

ವಾಲ್ಶ್ ಬಿಡಲಿಲ್ಲ. ಡೋಪಿಂಗ್ ವಿಚಾರದಲ್ಲಿ ಕುಖ್ಯಾತನಾಗಿದ್ದ ಮಿಕೆಲೆ ಫೆರಾರಿ ಎಂಬ ಇಟಲಿಯ ವೈದ್ಯನ ಜೊತೆ ಆರ್ಮ್‌ಸ್ಟ್ರಾಂಗ್‌ಗೆ ಇದ್ದ ನಂಟನ್ನು 2001ರಲ್ಲಿ ಹೊರಗೆಳೆದರು. 2004ರಲ್ಲಿ ಪಿಯೆರ್ ಬಾಲೆಸ್ಟರ್ ಜೊತೆ ಸೇರಿ ಫ್ರೆಂಚಿನಲ್ಲಿ ಪುಸ್ತಕ ತಂದರು. ಅದರಲ್ಲಿ ಆರ್ಮ್‌ಸ್ಟ್ರಾಂಗ್ ತಂಡದಲ್ಲಿ ಮಸಾಜ್ ಮಾಡುತ್ತಿದ್ದ ಎಮ್ಮಾ ಓ'ರೈಲಿ ತಾನು ಕಂಡದ್ದನ್ನು ಹೇಳಿದ್ದರು: 1999ರಲ್ಲಿ ಸ್ಟೀರಾಯ್ಡ್ ಅಂಶ ಸಿಕ್ಕಾಗ ಹಳೇ ತಾರೀಖು ಹಾಕಿ ಬರೆಸಿದ ಔಷಧ ಚೀಟಿ, ಸೂಜಿಯ ಗುರುತು ಮುಚ್ಚಲು ಕೇಳಿದ ಮೇಕಪ್. ಪ್ರತಿಫಲವಾಗಿ ಎಮ್ಮಾಗೆ ಸಿಕ್ಕಿದ್ದು ಕೋರ್ಟಿನ ನೋಟಿಸು, ನಡತೆಯ ಮೇಲೆ ಹೊಲಸು ಮಾತು.

'ಸಂಡೇ ಟೈಮ್ಸ್' ಮೇಲೂ ಮಾನನಷ್ಟ ಮೊಕದ್ದಮೆ ಬಿತ್ತು. ಬರೆದದ್ದು ನಿಜ ಅಂತ ಸಾಬೀತು ಮಾಡುವ ಹೊಣೆ ಇಂಗ್ಲೆಂಡಿನ ಕಾನೂನಿನಲ್ಲಿ ಬರೆದವರದ್ದೇ. 2006ರಲ್ಲಿ ಪತ್ರಿಕೆ 3 ಲಕ್ಷ ಪೌಂಡ್ ಕೊಟ್ಟು ರಾಜಿಯಾಯಿತು.

ಅಭಿಮಾನಿಗಳ ಸಿಟ್ಟಿಗಿಂತ ನೋವಾಗುವುದು ಸಹೋದ್ಯೋಗಿಗಳ ನಡವಳಿಕೆ. 2004ರ ಟೂರಿನಲ್ಲಿ ವಾಲ್ಶ್ ಜೊತೆ ಒಂದೇ ಕಾರಿನಲ್ಲಿ ಸುತ್ತಬೇಕಿದ್ದ ಪತ್ರಕರ್ತರು, ದಯವಿಟ್ಟು ನೀವು ಬೇಡ ಅಂದುಬಿಟ್ಟರು. ವಾಲ್ಶ್ ತಮ್ಮ ಕಾರಿನಲ್ಲಿದ್ದಾರೆ ಅಂತ ತಿಳಿದರೆ ಆರ್ಮ್‌ಸ್ಟ್ರಾಂಗ್ ತಂಡದ ಬಾಗಿಲು ತಮಗೂ ಮುಚ್ಚುತ್ತೆ ಅನ್ನೋ ಭಯ. ಕ್ರೀಡಾ ವರದಿಗಾರಿಕೆ ನಡೆಯೋದೇ ಹೀಗೆ. ಸ್ಟಾರ್ ಮಾತಾಡಿದರೆ ಸುದ್ದಿ, ಮಾತಾಡದಿದ್ದರೆ ಸಂಪಾದಕರ ಕೈಯಲ್ಲಿ ಬೈಗುಳ. ಪ್ರಶ್ನೆ ಕೇಳಿದವನನ್ನು ಹೊರಗಿಟ್ಟರೆ ಸಾಕು, ಉಳಿದವರು ತಾವಾಗಿಯೇ ಪಾಠ ಕಲಿಯುತ್ತಾರೆ.

ಇಷ್ಟಾದರೂ ಅವರು ಯಾಕೆ ಹಿಂದೆ ಸರಿಯಲಿಲ್ಲ? ವಾಲ್ಶ್ ಅವರ ಮಗ 1995ರಲ್ಲಿ, ಹನ್ನೆರಡನೇ ವಯಸ್ಸಿಗೆ, ಸೈಕಲ್ ಅಪಘಾತದಲ್ಲಿ ತೀರಿಕೊಂಡ. ಆಮೇಲೆ ಹುಡುಗನ ಶಾಲೆಯ ಟೀಚರ್ ಒಂದು ಘಟನೆ ಹೇಳಿದರಂತೆ. ತರಗತಿಯಲ್ಲಿ ಯೇಸು ಹುಟ್ಟಿದ ಕಥೆ ನಡೆಯುತ್ತಿತ್ತು. ಜೋಸೆಫ್, ಮೇರಿ ತುಂಬ ಬಡವರು, ಮೂವರು ಜ್ಞಾನಿಗಳು ಬಂದು ಚಿನ್ನ ಕೊಟ್ಟರು ಅಂತೆಲ್ಲ. ಹುಡುಗ ಕೈ ಎತ್ತಿದ: ಚಿನ್ನ ಸಿಕ್ಕಿತ್ತಲ್ಲ, ಆಮೇಲೂ ಯಾಕೆ ಬಡವರಾಗಿಯೇ ಇದ್ದರು, ಆ ಚಿನ್ನ ಏನು ಮಾಡಿದರು? ಅಷ್ಟು ವರ್ಷ ಅದೇ ಕಥೆ ಹೇಳಿದ್ದ ಟೀಚರಿಗೆ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ಪತ್ರಕರ್ತ ಕೇಳಬೇಕಾದ ಪ್ರಶ್ನೆ ಅಂದರೆ ಇದೇ ಅಂತ ವಾಲ್ಶ್‌ಗೆ ಅನ್ನಿಸಿತು. ಆ ಹುಡುಗ ಕಥೆಯನ್ನು ಹಳಿಯಲಿಲ್ಲ. ಅದನ್ನು ಎಲ್ಲರಿಗಿಂತ ಗಮನವಿಟ್ಟು ಕೇಳಿದ್ದ, ಅಷ್ಟೇ.

2005ರಲ್ಲಿ ಏಳನೇ ಸಲ ಗೆದ್ದು ಪ್ಯಾರಿಸಿನ ವೇದಿಕೆ ಹತ್ತಿದ ಆರ್ಮ್‌ಸ್ಟ್ರಾಂಗ್, ಪವಾಡ ನಂಬದವರನ್ನು ನೋಡಿದರೆ ಅಯ್ಯೋ ಅನಿಸುತ್ತೆ ಎಂಬರ್ಥದಲ್ಲಿ ಮಾತಾಡಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅದಾಗಿ ತಿಂಗಳೊಳಗೆ ಫ್ರಾನ್ಸಿನ 'ಲೆಕಿಪ್' ಪತ್ರಿಕೆ, 1999ರಲ್ಲಿ ತೆಗೆದಿಟ್ಟ ಅವನ ಮೂತ್ರದ ಸ್ಯಾಂಪಲ್‌ಗಳನ್ನು ಹೊಸ ವಿಧಾನದಲ್ಲಿ ಪರೀಕ್ಷಿಸಿದಾಗ ಇಪಿಒ ಸಿಕ್ಕಿದೆ ಅಂತ ಪ್ರಕಟಿಸಿತು. ನಾನು ನಂಬಲಿಲ್ಲ. ಫ್ರೆಂಚರಿಗೆ ಅಮೆರಿಕದವನು ಗೆದ್ದಿದ್ದು ಸಹಿಸಲಾಗಿಲ್ಲ ಅಂತ ಹಾಸ್ಟೆಲಿನಲ್ಲಿ ವಾದ ಮಾಡಿದೆ.

2012ರ ಅಕ್ಟೋಬರಿನಲ್ಲಿ ಅಮೆರಿಕದ ಡೋಪಿಂಗ್ ತಡೆ ಸಂಸ್ಥೆ ಸಾವಿರ ಪುಟ ದಾಟಿದ ಸಾಕ್ಷ್ಯ ಹೊರಗಿಟ್ಟಿತು. 26 ಜನ ಸಾಕ್ಷಿಗಳು, ಅವರಲ್ಲಿ 11 ಮಂದಿ ಅವನದೇ ತಂಡದ ಸವಾರರು. ಏಳೂ ಪ್ರಶಸ್ತಿ ಹೋದವು. 2013ರ ಜನವರಿಯಲ್ಲಿ ಓಪ್ರಾ ವಿನ್‌ಫ್ರೀ ಎದುರು ಕೂತು ಅವನೇ ಒಪ್ಪಿಕೊಂಡ, ಎಮ್ಮಾಗೆ ಅನ್ಯಾಯ ಮಾಡಿದ್ದನ್ನೂ ಸೇರಿಸಿ.

ಇದರ ನಡುವೆ ಒಂದು ಒಳ್ಳೆಯದೂ ಆಯಿತು. ವಾಲ್ಶ್ ಗೆಳೆಯ ಪಾಲ್ ಕಿಮೇಜ್ ಒಂದು ಕಾಲದಲ್ಲಿ ಸ್ವತಃ ಟೂರ್ ಓಡಿದ ಸವಾರ, ಆಮೇಲೆ ಪತ್ರಕರ್ತರಾದವರು. 2009ರಲ್ಲಿ ಕ್ಯಾಲಿಫೋರ್ನಿಯಾದ ಪತ್ರಿಕಾಗೋಷ್ಠಿಯಲ್ಲಿ ಪ್ರಶ್ನೆ ಕೇಳಿದ್ದಕ್ಕೆ, ನೀನು ಕೂತಿರೋ ಕುರ್ಚಿಗೂ ನಿನಗೆ ಯೋಗ್ಯತೆ ಇಲ್ಲ ಅಂತ ಆರ್ಮ್‌ಸ್ಟ್ರಾಂಗ್ ಕೈಯಲ್ಲಿ ಅನ್ನಿಸಿಕೊಂಡಿದ್ದರು. 2012ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವೇ ಅವರ ಮೇಲೆ ಕೇಸು ಹಾಕಿತು. ಆಗ ಅವರ ವಕೀಲರ ಖರ್ಚಿಗೆ ಹತ್ತಾರು ಸಾವಿರ ಡಾಲರ್ ಒಟ್ಟು ಮಾಡಿಕೊಟ್ಟವರು ಯಾರು ಗೊತ್ತಾ? ಸೈಕಲ್ ರೇಸಿನ ಅಭಿಮಾನಿಗಳು.

'ಸಂಡೇ ಟೈಮ್ಸ್' ತನ್ನ ದುಡ್ಡಿಗಾಗಿ ಆರ್ಮ್‌ಸ್ಟ್ರಾಂಗ್ ಮೇಲೆ ಕೇಸು ಹಾಕಿ, 2013ರಲ್ಲಿ ರಾಜಿ ಮಾಡಿಕೊಂಡಿತು. ಬಾಸೋಂ ಮಾತ್ರ 2001ಕ್ಕೇ ರೇಸಿಂಗ್ ಬಿಟ್ಟಾಗಿತ್ತು. ಅವನು ಕಳೆದುಕೊಂಡ ವರ್ಷಗಳನ್ನು ಯಾವ ಕೋರ್ಟೂ ವಾಪಸ್ ಕೊಡಲ್ಲ. ಅವತ್ತು ವಾಲ್ಶ್ ಕೇಳಿದ ಪ್ರಶ್ನೆಯನ್ನು ಇನ್ನೊಂದಷ್ಟು ಜನ ಕೇಳಿದ್ದರೆ, ನಮ್ಮಂಥವರು ಕೇಳಿದವರಿಗೆ ಬೈಯದೇ ಇದ್ದಿದ್ದರೆ, ಅವನೂ ನೆಮ್ಮದಿಯಾಗಿ ಸೈಕಲ್ ಹೊಡೆಯುತ್ತಿದ್ದನೇನೋ.

ಆ ಏಳು ಪ್ರಶಸ್ತಿಗಳನ್ನು ಯಾರಿಗೂ ಕೊಡಲಿಲ್ಲ. ಟೂರಿನ ವಿಜೇತರ ಪಟ್ಟಿ ತೆಗೆದು ನೋಡಿ, 1999ರಿಂದ 2005ರವರೆಗೆ ಹೆಸರಿನ ಜಾಗ ಖಾಲಿ. ನಾವು ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ದು ಆ ಏಳು ಸಾಲುಗಳಿಗೆ.