ದಳಕ್ಕೊಬ್ಬ ಹಿರಿಯ

ಪೆಂಡುರ್ತಿಯ ಮೈದಾನದಲ್ಲಿ ಭಾನುವಾರ ಹುಡುಗರಿಗೆ ಹಗ್ಗದ ಗಂಟು ಕಲಿಸುವಾಗ ನಾವು ‘ಗಂಟು’ ಎಂದರೆ ಅವರು ‘ಮುಡಿ’ ಎಂದು ತಿದ್ದುತ್ತಾರೆ. ಸ್ಕೌಟ್ ದಳ ನಡೆಸುವವರಿಗೆ ಎದುರಾಗುವ ತೊಡಕುಗಳಲ್ಲಿ ಭಾಷೆಯೇ ತೀರ ಹಗುರವಾದದ್ದು.

ಭಾರತದಲ್ಲಿ ಸ್ಕೌಟ್ ಚಳವಳಿ ಮೊಳೆತದ್ದು 1909ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಕ್ಯಾಪ್ಟನ್ ಟಿ. ಎಚ್. ಬೇಕರ್ ಕಟ್ಟಿದ ಆ ದಳದ ಬಾಗಿಲು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಹುಡುಗರಿಗಷ್ಟೇ ತೆರೆದಿತ್ತು. ಭಾರತೀಯ ಬಾಲಕರನ್ನು ಸೇರಿಸಿಕೊಳ್ಳಲು ಬೇರೆ ಹಿರಿಯರೇ ಮುಂದೆ ಬರಬೇಕಾಯಿತು. 1917ರಲ್ಲಿ ಮದರಾಸಿನಲ್ಲಿ ಆನಿ ಬೆಸೆಂಟ್ ಮತ್ತು ಜಾರ್ಜ್ ಅರುಂಡೇಲ್ ದಳ ಕಟ್ಟಿ, ಟೋಪಿಯ ಬದಲು ಪೇಟ ತೊಡಿಸಿದರು. ಉತ್ತರದಲ್ಲಿ ಮದನಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿಯ ಮೂಲಕ ಇದೇ ಕೆಲಸ ಮಾಡಿದರು. ಹಲವು ಸಂಘಗಳು ಒಂದಾಗಿ ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಆದದ್ದು 1950ರ ನವೆಂಬರ್ 7ರಂದು.

ನಾಯಕರಿಗೂ ಶಿಕ್ಷಣ ಬೇಕೆಂದು ಬೇಡನ್ ಪೊವೆಲ್ ಇಂಗ್ಲೆಂಡಿನ ಗಿಲ್ವೆಲ್‌ನಲ್ಲಿ 1919ರಲ್ಲೇ ತರಬೇತಿ ಆರಂಭಿಸಿದ್ದರು. ಆದರೆ ತರಬೇತಿಯಿಂದ ಬಿಡುವು ದೊರೆಯುವುದಿಲ್ಲ. ಶಿಬಿರಕ್ಕೆ ರಜೆ ಹೊಂದಿಸಬೇಕು, ಮನೆಯವರ ಭಾನುವಾರವನ್ನು ಕಸಿಯಬೇಕು, ಮೊದಲ ದಿನವೇ ಪ್ರಮಾಣಪತ್ರದ ಬಗ್ಗೆ ಕೇಳುವ ಪೋಷಕರಿಗೆ ತಾಳ್ಮೆಯಿಂದ ಉತ್ತರಿಸಬೇಕು. ಇವೆಲ್ಲವನ್ನೂ ಮೀರಿದ್ದು ವರ್ಗಾವಣೆ. ಕೇಂದ್ರ ಸರ್ಕಾರದ ನೌಕರಿಯಲ್ಲಿ ಅದು ತಪ್ಪಿದ್ದಲ್ಲ.

ಹಿಂದಿನ ಊರಿನಲ್ಲಿ ನಾವು ಕಟ್ಟಿದ ದಳ ನಾವು ಹೊರಟ ಆರೇ ತಿಂಗಳಲ್ಲಿ ಚದುರಿತು. ತಪ್ಪು ನಮ್ಮದೇ: ಹುಡುಗರನ್ನು ಬೆಳೆಸಿದೆವು, ನಮ್ಮ ನಂತರ ನಿಲ್ಲುವವರನ್ನು ಬೆಳೆಸಲಿಲ್ಲ. ಆದುದರಿಂದ ಈ ಬಾರಿ, ಮಕ್ಕಳನ್ನು ಬಿಡಲು ಬಂದ ಇಬ್ಬರು ತಂದೆಯರ ಕೈಗೂ ಹಗ್ಗ ಕೊಟ್ಟಿದ್ದೇವೆ.